ಕಾಜ ಒಂದೇ ಬಾಕಿ

ಹೊಸ ಬಟ್ಟೆಗೆ ನೀರು ಚಿಮುಕಿಸಿ ಅದರ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದರೆ ಒಂದು ವಾಸನೆ ಏಳುತ್ತದೆ. ಗಂಜಿ, ಹಬೆ, ತುಸು ಸುಟ್ಟ ನೂಲು, ಎಲ್ಲ ಸೇರಿದ ವಾಸನೆ. ಕುಮಟೆಯ ನಮ್ಮ ಬೀದಿಯಲ್ಲಿ ಇಸ್ತ್ರಿಯವನೊಬ್ಬ ಇನ್ನೂ ಕೆಂಡದ ಪೆಟ್ಟಿಗೆಯನ್ನೇ ಇಟ್ಟುಕೊಂಡಿದ್ದಾನೆ. ಮೊನ್ನೆ ಬೆಳಿಗ್ಗೆ ಹಾಲಿಗೆಂದು ಹೋದವನು ಅವನ ಕೈಗಾಡಿಯ ಹತ್ತಿರ ಸುಮ್ಮನೆ ನಿಂತುಬಿಟ್ಟೆ. "ಎಂತ ಬೇಕಿತ್ತು ಅಜ್ಜಾ?" ಎಂದು ಕೇಳಿದ. ಏನೂ ಬೇಕಿರಲಿಲ್ಲ. ಹಾಲಿನ ಪೊಟ್ಟಣ ಕೈಯಲ್ಲಿ ಬೆವರುತ್ತಿತ್ತು; ನಾನು ಹೊನ್ನಾವರದ ಪೇಟೆಯಲ್ಲಿ ರುಜಾರನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ.

ರುಜಾರ ಕ್ರಿಶ್ಚಿಯನ್ ಟೇಲರ್. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ ನಾನು ಅದೇ ಊರಿನ ಒಂದು ಕಚೇರಿಯಲ್ಲಿ ಹೊಸ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ. ನಾವು ಆಗಲೇ ಮೈಸೂರು ರಾಜ್ಯದವರಾಗಿದ್ದೆವು, ಆದರೆ ಊರವರಿಗೆ ನಾನು ಮುಂಬೈ ಸರಕಾರದ ಕಾಲದ 'ಕಾರಕೂನ'ನೇ. ಕಚೇರಿ ಬಿಟ್ಟವನು ಕೋಣೆಗೆ ಹೋಗಿ ಮಾಡುವುದಾದರೂ ಏನು? ರುಜಾರನ ಬೆಂಚಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಒಂದು ಹೊಲಿಗೆ ಯಂತ್ರ, ಅಂಥದೇ ಕೆಂಡದ ಇಸ್ತ್ರಿಪೆಟ್ಟಿಗೆ, ಅಳತೆಯ ಪಟ್ಟಿ, ಗೋಡೆಯ ಮೇಲೆ ಯೇಸುವಿನ ಪಟ, ಪಟದ ಕೆಳಗೆ ಕುಳಿತು ದಿನವಿಡೀ ನೆಮ್ಮದಿಯಿಂದ ಸುಳ್ಳು ಹೇಳುವ ರುಜಾರ.

ಸುಳ್ಳೆಂದರೆ ಬೇರೆ ಯಾವ ಸುಳ್ಳೂ ಅಲ್ಲ, ಟೇಲರನ ಸುಳ್ಳು. ಯಾರಾದರೂ ಬಟ್ಟೆ ಕೇಳಲು ಬರುವುದು ದೂರದಿಂದ ಕಂಡರೆ ಸಾಕು, ಅವರ ತುಂಡನ್ನು ಗಂಟಿನಿಂದ ಎಳೆದು ಯಂತ್ರದ ಸೂಜಿಯ ಕೆಳಗೆ ಇಟ್ಟು ಕಾಲಿನಿಂದ ಗಡಗಡ ತುಳಿಯುತ್ತಿದ್ದ. ಸೂಜಿಯಲ್ಲಿ ನೂಲು ಇರುತ್ತಿರಲಿಲ್ಲ. ಬಂದವರು ಬಾಯಿ ತೆರೆಯುವ ಮೊದಲೇ, "ನಿಮ್ಮದೇ ನೋಡಿ ಕೈಯಲ್ಲಿರೂದು. ಕಾಜ ಒಂದೇ ಬಾಕಿ. ನಾಳೆ ಬನ್ನಿ" ಎನ್ನುತ್ತಿದ್ದ. ಗುಂಡಿ ತೂರಿಸುವ ಕಾಜ ಒಂದೇ ಬಾಕಿ ಎಂದ ಮೇಲೆ ಯಾರು ತಾನೆ ಜಗಳಾಡುತ್ತಾರೆ? ಅವರು ನಗುತ್ತಲೇ ಹೋಗುತ್ತಿದ್ದರು. ಹೋದ ಮೇಲೆ ರುಜಾರ ನನಗೆ ಕಣ್ಣು ಮಿಟುಕಿಸಿ, ಕತ್ತರಿಯೇ ಕಾಣದ ಆ ತುಂಡನ್ನು ಮತ್ತೆ ಗಂಟಿಗೆ ಸೇರಿಸುತ್ತಿದ್ದ.

ನಾನು ನಗುತ್ತಿದ್ದೆ. ನಗದೆ ಏನು ಮಾಡಲಿ, ನನ್ನ ಕಸುಬೂ ಅದೇ. ಹೊಳೆ ದಾಟಿ ಬಂದ ರೈತನಿಗೆ ನಾನೂ ಬೆಳಗಿನಿಂದ ಸಂಜೆತನಕ "ನಾಳೆ ಬಾ" ಎನ್ನುತ್ತಿದ್ದವನೇ. ಸಾಹೇಬರ ಸಹಿ ಒಂದೇ ಬಾಕಿ ಎನ್ನುತ್ತಿದ್ದೆ. ಅವನ ಅರ್ಜಿ ಯಾವ ಕಟ್ಟಿನಲ್ಲಿದೆ ಎಂದು ನನಗೆ ಗೊತ್ತಿರುತ್ತಿರಲಿಲ್ಲ. ಒಂದೇ ಕಸುಬಿನ ಇಬ್ಬರಿಗೆ ಸ್ನೇಹವಾಗುವುದು ಸಹಜ.

ಆ ಊರಲ್ಲಿ ಬಸ್ತ್ಯಾಂವ್ ಅಜ್ಜ ಎಂಬ ಮುದುಕರೊಬ್ಬರಿದ್ದರು. ಹರೆಯವೆಲ್ಲ ಮುಂಬೈಯಲ್ಲಿ ಯಾರದೋ ಬಂಗಲೆಯಲ್ಲಿ ಅಡುಗೆ ಮಾಡಿ, ಮುದಿತನಕ್ಕೆ ಮಗಳ ಮನೆ ಸೇರಿದವರು. ಬಿಳಿ ಅಂಗಿ ಬಿಟ್ಟು ಬೇರೆ ಕಂಡವರಲ್ಲ. ಒಂದು ದಿನ ಕಪ್ಪು ಬಟ್ಟೆಯ ತುಂಡೊಂದನ್ನು ಎದೆಗೆ ಅವಚಿಕೊಂಡು ಬಂದರು. ಅವರ ಕ್ರಿಶ್ಚಿಯನ್ನರಲ್ಲಿ ಗಂಡಸರನ್ನು ಮಣ್ಣಿಗೆ ಕಳಿಸುವಾಗ ಇದ್ದುದರಲ್ಲಿ ಒಳ್ಳೆಯ ಕೋಟು ತೊಡಿಸುತ್ತಾರೆ. ಅಜ್ಜನ ಬಳಿ ಕೋಟಿರಲಿಲ್ಲ.

"ನಲವತ್ತು ವರ್ಷ ಕೋಟಿನವರಿಗೆ ಬಡಿಸಿದೆ ರುಜಾರ. ದೇವರ ಮುಂದೆ ನಾನೂ ಒಂದು ಸಲ ಕೋಟು ಹಾಕ್ಕೊಂಡು ನಿಲ್ಲಬೇಕು. ಗಡಿಬಿಡಿ ಎಂತದೂ ಇಲ್ಲ, ಆದ್ರೆ ತಡ ಮಾಡಬೇಡ" ಎಂದರು.

ರುಜಾರ ಮುತುವರ್ಜಿಯಿಂದ ಅಳತೆ ತೆಗೆದ. ಆಮೇಲೆ ನಾಲ್ಕು ತಿಂಗಳು ಅಜ್ಜ ವಾರಕ್ಕೊಮ್ಮೆ ಕೋಲೂರಿಕೊಂಡು ಬರುತ್ತಿದ್ದರು, ಇವನು ನೂಲಿಲ್ಲದ ಯಂತ್ರ ತುಳಿದು "ಕಾಜ ಒಂದೇ ಬಾಕಿ ಅಜ್ಜಾ" ಎನ್ನುತ್ತಿದ್ದ. ಅಜ್ಜ ನಂಬುತ್ತಿದ್ದರು. ಮನೆಗೆ ಹೋಗಿ ಮಗಳಿಗೂ ಹಾಗೆಯೇ ಹೇಳುತ್ತಿದ್ದರಂತೆ. ಒಂದು ಮಧ್ಯಾಹ್ನ ನಾನು ಬೆಂಚಿನ ಮೇಲೆ ಇದ್ದಾಗಲೇ ಆ ಮಗಳು ಬಂದಳು. ತಲೆಯ ಮೇಲೆ ಸೆರಗು, ಅತ್ತು ಕೆಂಪಾದ ಕಣ್ಣು. "ಅಪ್ಪ ಬೆಳಿಗ್ಗೆ ತೀರಿಹೋದ್ರು. ಕೋಟು ಕೊಡಿ" ಎಂದಳು.

ರುಜಾರನ ಕಾಲು ಅಭ್ಯಾಸಬಲದಿಂದ ಯಂತ್ರದ ಮೇಲೆ ಹೋಯಿತು. ಅದನ್ನು ನಾನು ನೋಡಿದೆ. ಈಗಲೂ ನೆನೆದರೆ ನನಗೆ ನಾಚಿಕೆಯಾಗುತ್ತದೆ, ಅವನಿಗಾಗಿ ಅಲ್ಲ, ಅಷ್ಟು ದಿನ ಪಕ್ಕದಲ್ಲಿ ಕೂತು ನಕ್ಕ ನನಗಾಗಿ. ಆಮೇಲೆ ಅವನು ಎದ್ದು ಗಂಟು ಬಿಚ್ಚಿ, ಮಡಿಕೆ ಸಹ ಮುರಿಯದ ಆ ಕಪ್ಪು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತ. ಅವಳು ಅದರ ಮಡಿಕೆಯ ಅಂಚನ್ನು ಬೆರಳಿನಿಂದ ಸವರಿದಳು. ಬೈಯಲಿಲ್ಲ.

"ಕಾಜ ಒಂದೇ ಬಾಕಿ ಅಂದಿದ್ರಿ ಅಲ್ದಾ?" ಎಂದಳು, ಅಷ್ಟೇ.

ಬಸ್ತ್ಯಾಂವ್ ಅಜ್ಜ ಬಿಳಿ ಅಂಗಿಯಲ್ಲೇ ಹೋದರು. ಆ ತುಂಡನ್ನು ಹಾಗೆಯೇ ಎದೆಯ ಮೇಲೆ ಹೊದಿಸಿದರು.

ರುಜಾರ ಮೂರು ದಿನ ಅಂಗಡಿ ತೆರೆಯಲಿಲ್ಲ. ಶನಿವಾರ ಇಗರ್ಜಿಗೆ ಹೋಗಿ ಕುಮ್ಸಾರ್ ಮಾಡಿದ. ಇಗರ್ಜಿ ಎಂದರೆ ಅವರ ದೇವಾಲಯ. ಪಾದ್ರಿಯ ಕಿವಿಯಲ್ಲಿ ತನ್ನ ಪಾಪ ಹೇಳಿಕೊಳ್ಳುವುದಕ್ಕೆ ಕುಮ್ಸಾರ್ ಎನ್ನುತ್ತಾರೆ. ನಮಗೆ ಅಂಥದ್ದೊಂದು ಇಲ್ಲದಿರುವುದು ಅನುಕೂಲವೇ ಎಂದು ನಾನು ಆಗ ಎಣಿಸುತ್ತಿದ್ದೆ. ಒಳಗೆ ಏನಾಯಿತು ಎಂಬುದನ್ನು ಪಾದ್ರಿಗಳು ಯಾರಿಗೂ ಹೇಳುವ ಹಾಗಿಲ್ಲ, ಹೇಳಲೂ ಇಲ್ಲ. ರುಜಾರನೇ ಹೇಳಿದ. ಹೇಳದೆ ಅವನಿಗೆ ಬೇರೆ ದಾರಿಯಿರಲಿಲ್ಲ.

ಮಾರನೆಯ ದಿನ ಭಾನುವಾರ. ನಾನು ಕೋಣೆಯಲ್ಲಿ ಅವಲಕ್ಕಿಗೆ ಮೊಸರು ಕಲಸುತ್ತಿದ್ದೆ. ಪೂಜೆ ಮುಗಿಸಿ ಬಂದ ರುಜಾರ ಬಾಗಿಲಲ್ಲಿ ನಿಂತ, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದ.

"ಕಾರಕೂನರೇ, ನಿಮ್ಮ ಶರ್ಟು ನಾಳೆ ಆಗೂದಿಲ್ಲ. ನಾಳೆ ಅಂದದ್ದು ಸುಳ್ಳು. ಕತ್ತರಿ ಸಹ ಹಾಕ್ಲಿಲ್ಲ. ಇಪ್ಪತ್ತು ದಿನ ಬೇಕು."

ಪ್ರಾಯಶ್ಚಿತ್ತ ಹಾಗಿತ್ತು. ಇಂತಿಷ್ಟು ಜಪ ಮಾಡು ಎಂದಿದ್ದರೆ ಅವನು ಹೊಲಿಯುತ್ತ ಹೊಲಿಯುತ್ತ ಮುಗಿಸಿಬಿಡುತ್ತಿದ್ದ. ಪಾದ್ರಿಗಳು ಹಾಗೆ ಬಿಡಲಿಲ್ಲ. ಯಾರು ಯಾರಿಗೆ ಸುಳ್ಳು ದಿನ ಹೇಳಿದ್ದೀಯೋ ಅವರ ಮನೆಗೆ ನೀನೇ ಹೋಗಿ, ಹೇಳಿದ್ದು ಸುಳ್ಳು ಎಂದು ಹೇಳಿ ಬಾ ಎಂದರಂತೆ. ಮತ್ತೆ ದಿನಾ ಅಂಗಡಿ ತೆರೆಯುವ ಮೊದಲು ದೇವರ ಮುಂದೆ ಐದು ನಿಮಿಷ ಕೂತು, ಇವತ್ತು ನನ್ನ ಬಾಯನ್ನು ನೀನು ಕಾಪಾಡು ಎಂದು ಬೇಡಿಕೊ ಎಂದರಂತೆ. ಈಸ್ಟರ್ ಹಬ್ಬಕ್ಕೆ ಇನ್ನೂ ನಲವತ್ತು ದಿನವಿತ್ತು, ಅವರ ಉಪವಾಸದ ಕಾಲ.

ನನಗೆ ಸಿಟ್ಟು ಬಂತು. ಶರ್ಟಿಗಾಗಿ ಅಲ್ಲ. "ನಾಳೆ ಅಂತ ಅಂದಿದ್ರೆ ಆಗಿತ್ತಲ್ಲ ಮಾರಾಯ, ನಾನೇನು ನಂಬಿದ್ನಾ?" ಎಂದೆ. ನಿಜವಾಗಿ ಹೇಳುತ್ತೇನೆ, ಗಿರಾಕಿಗೆ ಆ ಸುಳ್ಳು ಬೇಕು. ಇಪ್ಪತ್ತು ದಿನ ಎಂದು ಮುಖಕ್ಕೆ ಹೇಳಿದರೆ ಅವಮಾನವಾದಂತಾಗುತ್ತದೆ. ನಾಳೆ, ನಾಳೆ ಎನ್ನುತ್ತ ಇಪ್ಪತ್ತು ದಿನ ಕಳೆದರೆ ಏನೂ ಅನಿಸುವುದಿಲ್ಲ.

ಅವನು ಮನೆಮನೆಗೆ ಹೋದ. ಒಂದು ಕಡೆ ಚಹ ಕೊಟ್ಟರು, ಒಂದು ಕಡೆ ಬಟ್ಟೆಯನ್ನೇ ವಾಪಸು ಕೇಳಿದರು. ತಾರಿಯ ದೋಣಿ ಹತ್ತಿ ಹೊಳೆಯಾಚೆಗೂ ಹೋಗಿ ಬಂದ. ಒಂದು ಸುಳ್ಳು ಒಪ್ಪಿಕೊಳ್ಳುವುದಕ್ಕೆ ತಾರಿ ಹತ್ತಿದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪೇಟೆಯಲ್ಲಿ ಅದೊಂದು ತಮಾಷೆಯಾಯಿತು. ಅವನ ಹೆಂಡತಿ ಕಾತ್ರಿನಬಾಯಿಗೆ ನೀರಿಗೆ ಹೋದಲ್ಲೆಲ್ಲ, "ನಿಮ್ಮ ಯಜಮಾನರು ಇವತ್ತು ಯಾರ ಮನೆಗೆ?" ಎಂದು ಕೇಳುವವರೇ.

ಚಟ ಎಲ್ಲಿ ಅಷ್ಟು ಸುಲಭಕ್ಕೆ ಬಿಡುತ್ತದೆ? ಮೂರನೆಯ ವಾರದಲ್ಲಿ ಬಸ್ ಏಜೆಂಟನೊಬ್ಬ ಪ್ಯಾಂಟು ಕೇಳಲು ಬಂದಾಗ ರುಜಾರನ ಬಾಯಿಂದ "ಕಾಜ ಒಂದೇ..." ಜಾರಿಯೇಬಿಟ್ಟಿತು. ಏಜೆಂಟ ಸಂತೋಷದಿಂದ ಹೋದ. ರುಜಾರ ಎರಡು ಹೊಲಿಗೆ ಹಾಕಿದ, ನಿಲ್ಲಿಸಿದ, ಮತ್ತೆ ಒಂದು ಹಾಕಿದ. ಆಮೇಲೆ ಅಳತೆಪಟ್ಟಿ ಕೊರಳಲ್ಲಿದ್ದ ಹಾಗೆಯೇ ಬರಿಗಾಲಲ್ಲಿ ಬೀದಿಗೆ ಓಡಿದ. ಬಿಸಿಲಿಗೆ ಕಾದ ಧೂಳಿನಲ್ಲಿ ಹೆಜ್ಜೆಯೆತ್ತಿ ಹಾಕುತ್ತ, ಮೀನಿನ ಬುಟ್ಟಿಯವರ ನಡುವೆ ಅವನು ಏಜೆಂಟನನ್ನು ಕೂಗುತ್ತ ಓಡಿದ್ದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ತಿರುಗಿ ಬಂದು ಬೆವರು ಒರೆಸಿಕೊಂಡ.

"ನಗಿ ನಗಿ. ನಾಲಿಗೆ ಇನ್ನೂ ನನ್ನ ಮಾತು ಕೇಳೂದಿಲ್ಲ" ಎಂದ.

"ಮತ್ತೆ ಯಾರ ಮಾತು ಕೇಳ್ತದೆ?"

ಅವನು ಯೇಸುವಿನ ಪಟದ ಕಡೆ ಕೈ ಮಾಡಿದ. "ಬಾಯಿ ತೆರೆಯೂಕೆ ಮುಂಚೆ ಒಂದು ಸಲ ಜೆಜು ಅಂತ ಹೆಸರು ಹೇಳ್ತೆ. ಅಷ್ಟರಲ್ಲಿ ಸುಳ್ಳು ಸ್ವಲ್ಪ ತಡ ಆಗ್ತದೆ. ತಡ ಆದ್ರೆ ಹಿಡಿಲಿಕ್ಕೆ ಸಿಗ್ತದೆ. ಇವತ್ತು ಅನ್ನೂಕೆ ಮರೆತೆ."

ಈಸ್ಟರ್ ಬಂತು, ಹೋಯಿತು. ಇನ್ನು ಹಳೆಯ ರುಜಾರ ಬರುತ್ತಾನೆ ಎಂದು ನಾನು ಕಾದೆ. ಬರಲಿಲ್ಲ. ಆದರೆ ಗಿರಾಕಿಗಳೂ ಬರಲಿಲ್ಲ. ಮದುವೆಯ ಕಾಲದಲ್ಲೂ ಗಂಟು ತೆಳ್ಳಗಾಗುತ್ತ ಬಂತು. ನಿಜ ಹೇಳುವ ಟೇಲರನಿಗಿಂತ ನಾಳೆ ಎನ್ನುವ ಟೇಲರನೇ ಜನರಿಗೆ ಹಿತ. ಒಂದು ಶಾಲೆಯ ಮಕ್ಕಳ ಸಮವಸ್ತ್ರದ ಕೆಲಸವಿದೆ ಎಂದು ತಿಳಿದಾಗ ನಾನೇ ಹೋಗಿ ಅವನ ಹೆಸರು ಹೇಳಿ, ಹೆಡ್‌ಮಾಸ್ತರರನ್ನು ಅಂಗಡಿಗೆ ಕರೆತಂದೆ. ಆ ಕೆಲಸ ಸಿಕ್ಕಿದರೆ ಮಳೆಗಾಲ ಕಳೆಯುತ್ತಿತ್ತು, ಸಿಗದಿದ್ದರೆ ಅಂಗಡಿ ಮುಚ್ಚುವುದೇ. ಅದು ನನಗೂ ಗೊತ್ತು, ಅವನಿಗೂ ಗೊತ್ತು, ಒಳಗಿನ ಪರದೆಯ ಹಿಂದೆ ನಿಂತಿದ್ದ ಕಾತ್ರಿನಬಾಯಿಗೂ ಗೊತ್ತಿತ್ತು.

"ಶಾಲೆ ತೆರೆಯೂದರೊಳಗೆ ಎಲ್ಲ ಆಗ್ತದ?" ಎಂದರು ಹೆಡ್‌ಮಾಸ್ತರರು.

ನಾನು ಅವನ ಕಾಲು ತುಳಿದೆ. ಆತು ಅನ್ನು, ಮುಂದಿನದು ಮುಂದೆ ಎಂದು ಅದರ ಅರ್ಥ. ರುಜಾರ ಕಣ್ಣು ಮುಚ್ಚಿದ. ತುಟಿ ಒಮ್ಮೆ ಅಲುಗಿತು.

"ಎಲ್ಲ ಆಗೂದಿಲ್ಲ ಮಾಸ್ತರ್ರೆ. ಅರ್ಧ ಆಗ್ತದೆ."

ಹೆಡ್‌ಮಾಸ್ತರರು ಎದ್ದು ಹೋದರು. ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ನಿನ್ನ ದೇವರು ಬಂದು ಅನ್ನ ಹಾಕ್ತಾನಾ ಎಂದೂ ಅಂದೆ. ಅವನು ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸಲು ನೋಡುತ್ತಿದ್ದ, ನೂಲು ಮತ್ತೆ ಮತ್ತೆ ಸೂಜಿಯ ಕಣ್ಣು ತಪ್ಪುತ್ತಿತ್ತು. ಕಾತ್ರಿನಬಾಯಿ ಹೊರಗೆ ಬಂದು ಸೂಜಿಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಪೋಣಿಸಿ ಕೊಟ್ಟಳು.

"ಬೈಬೇಡಿ ಕಾರಕೂನರೇ," ಎಂದಳು. "ಮದುವೆ ಆದಾಗಿನಿಂದ ನಾಳೆ ಭಟ್ಕಳಕ್ಕೆ ತವರಿಗೆ ಕರಕೊಂಡು ಹೋಗ್ತೆ ಅಂತಿದ್ರು. ನಾನು ಎಷ್ಟು ಸಲ ಸೀರೆ ಉಟ್ಟು ಕೂತಿದ್ದೆ ಅಂತ ನನಗೇ ಗೊತ್ತು. ಈ ವರ್ಷ, ಆಗೂದಿಲ್ಲ ಕಾತ್ರಿನ್ ಅಂದ್ರು. ಬೇಜಾರಾತು, ಆದ್ರೆ ಕಾಯೂದು ತಪ್ತು."

ಅಂಗಡಿ ಮುಚ್ಚಲಿಲ್ಲ. ಪವಾಡವೇನೂ ಆಗಲಿಲ್ಲ, ಅವಳು ಬೀಡಿ ಕಟ್ಟಿದಳು, ಇವನು ಒಪ್ಪೊತ್ತು ಉಂಡ. ಆದರೆ ಒಂದು ಹೊಸ ಪದ್ಧತಿ ಬಂತು. ಅವರ ಮುದುಕರು ಕಡೆಯ ಪಯಣದ ಬಟ್ಟೆ ಹೊಲಿಸುವುದಿದ್ದರೆ ಅವನಲ್ಲಿಗೇ ಬರತೊಡಗಿದರು. ಮದುವೆಯ ಬಟ್ಟೆಯನ್ನಾದರೂ ಬದಿಗಿಟ್ಟು ಅದನ್ನು ಮೊದಲು ಹೊಲಿಯುತ್ತಿದ್ದ, ತಾನೇ ಮನೆಗೆ ಒಯ್ದು ಕೊಡುತ್ತಿದ್ದ. ಸಿಡುಕು ಕಡಿಮೆಯಾಯಿತು. ಕುಡಿಯುವುದು ಸ್ವಲ್ಪ ಇತ್ತು, ಅದೂ ಯಾವಾಗಲೋ ಬಿಟ್ಟುಹೋಗಿತ್ತು. ನೀನು ದೊಡ್ಡ ಮನುಷ್ಯನಾದೆ ಎಂದು ಒಮ್ಮೆ ಹೊಗಳಲು ಹೋದೆ. "ನಾನು ಬಿಟ್ಟೆ ಅಂದ್ರೆ ಅದು ಮತ್ತೊಂದು ಸುಳ್ಳಾಗ್ತದೆ. ಆ ಪಟದವನು ಹಿಡಿದುಕೊಂಡಿದ್ದಾನೆ, ಅಷ್ಟೇ" ಎಂದ.

ನನಗೆ ಭಟ್ಕಳಕ್ಕೆ ವರ್ಗವಾಯಿತು. ನನ್ನ "ನಾಳೆ ಬಾ" ನನ್ನ ಜೊತೆಗೇ ಬಂತು. ಅರವತ್ತರ ದಶಕದ ನಡುವಿನಲ್ಲಿ ರುಜಾರನಿಗೆ ಎದೆಯ ಕಾಯಿಲೆ ಎಂದು ಕಾರ್ಡು ಬಂದಾಗ, ಒಂದು ಭಾನುವಾರ ಬಸ್ಸು ಹಿಡಿದು, ತಾರಿ ದಾಟಿ ಹೋದೆ. ಚಾಪೆಯ ಮೇಲೆ ಮಲಗಿದ್ದ, ಮೂಳೆ ಮಾತ್ರ ಉಳಿದಿತ್ತು. ನನಗೆ ಅಲ್ಲಿ ಕೂರಲಾಗಲಿಲ್ಲ. ಗಳಿಗೆಯೊಳಗೆ ಎದ್ದು, "ಮುಂದಿನ ಭಾನುವಾರ ಬತ್ತೆ ರುಜಾರ" ಎಂದೆ.

ಅವನು ನನ್ನ ಮಣಿಕಟ್ಟು ಹಿಡಿದ. "ಬತ್ರಾ? ಬರೂದಿಲ್ಲ ಅಂದ್ರೆ ಇಲ್ಲ ಅನ್ನಿ ಕಾರಕೂನರೇ. ನಾನು ಬಾಗಿಲು ನೋಡ್ತಾ ಇರೂದು ಬೇಡ."

ಬಾಯಲ್ಲಿ ಸುಳ್ಳು ತಯಾರಿತ್ತು. ಯಾಕೋ ತಡವಾಯಿತು. "ಇಲ್ಲ. ನಿನ್ನನ್ನ ಹೀಗೆ ನೋಡೂಕೆ ನನಗೆ ಆಗೂದಿಲ್ಲ. ಬರೂದಿಲ್ಲ" ಎಂದೆ.

ಅವನ ಮುಖದಲ್ಲಿ ನಗು ಬಂತು. "ಆತು. ಹಂಗಾದ್ರೆ ಇವತ್ತೇ ಇನ್ನೊಂದು ತಾಸು ಕೂರಿ."

ಕೂತೆ. ಸಂಜೆಯ ತಾರಿ ತಪ್ಪುವವರೆಗೂ ಕೂತೆ. ನನಗೆ ಅಷ್ಟು ದುಃಖ, ಅಷ್ಟು ಹಗುರ ಒಟ್ಟಿಗೆ ಆದದ್ದು ಅದೇ ಮೊದಲು. ಮೂರನೆಯ ವಾರ ಅವನು ಹೋದ.

ಈ ಮುದಿ ನೆನಪನ್ನೆಲ್ಲ ಹೊತ್ತು ಹಾಲಿನೊಂದಿಗೆ ಮನೆಗೆ ಬಂದರೆ ಫೋನು ಹೊಡೆದುಕೊಳ್ಳುತ್ತಿತ್ತು. ಮುಟ್ಟಳ್ಳಿಯಲ್ಲಿರುವ ನನ್ನ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಒಬ್ಬಳೇ ಒಡಹುಟ್ಟಿದವಳು. ಪ್ರತಿ ವಾರ ಕೇಳುವುದನ್ನೇ ಕೇಳಿದಳು. "ತಮ್ಮಾ, ಯಾವಾಗ ಬತ್ತೆ?"

ಮುಂದಿನ ವಾರ ಎನ್ನುವುದು ನನ್ನ ಮಾಮೂಲು. ಎಷ್ಟು ವರ್ಷದಿಂದಲೋ. ನನ್ನ ಮಂಡಿ ಹಾಲಿನ ಅಂಗಡಿ ದಾಟಿ ನಡೆಯದು, ಬಸ್ಸು ಹತ್ತುವುದು ಕನಸಿನ ಮಾತು. ಅವಳಿಗೂ ಈಗ ಕಣ್ಣು ಮಂಜು.

"ಅಕ್ಕಾ, ಬಪ್ಪಲೆ ಆಗ್ತಿಲ್ಲೆ," ಎಂದೆ. "ಮುಂದಿನ ವಾರವೂ ಇಲ್ಲೆ. ಇನ್ನು ಆಗ್ತಿಲ್ಲೆ."

"ಮತ್ತೆ ಇಷ್ಟು ವರ್ಷ ಬತ್ತೆ ಬತ್ತೆ ಅಂದದ್ದು ಎಂತಕ್ಕೆ?" ಎಂದಳು. ದನಿ ಒಡೆದಿತ್ತು. ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಫೋನು ಇಡಡ, ಹಿಡ್ಕಂಡೇ ಇರು," ಎಂದಳು. "ಒಲೆ ಮೇಲೆ ಹಾಲಿದ್ದು. ಇಳಿಸಿಕ್ಕಿ ಬತ್ತೆ. ಇವತ್ತೇ ಎಲ್ಲ ಮಾತಾಡನ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕುರ್ಚಿ ಎಳೆದು ಕೂತೆ.