ಏಣಿಯ ಬುಡದಲ್ಲಿ ನಿಂತದ್ದು

ಕುಮಟಾದ ಕಾಲೇಜೊಂದರಲ್ಲಿ ನಾನು ಬಹಳ ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಪ್ರತಿ ವರ್ಷವೂ ಬರುತ್ತದೆ. ಬೋರ್ಡಿನ ಮೇಲೆ ಓರೆಗೆರೆ ಎಳೆದು, ಬಲಗಳಿಗೆ ಬಾಣ ಹಾಕಿ, ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ. ನಿಜವಾದ ಏಣಿ ಹತ್ತಿದ್ದು ಒಂದೇ ಸಲ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಕರ್ಕಿಯ ನಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದೆವು. ಪೇಂಟರ್ ಭಟ್ಕಳದ ಕಡೆಯವರು, ಐವತ್ತು ದಾಟಿದವರು, ಎಡಗಾಲು ತುಸು ಎಳೆದು ನಡೆಯುತ್ತಿದ್ದರು. ಆ ದಿನ ಅವರ ಜೊತೆಗಾರ ಬಂದಿರಲಿಲ್ಲ. ಏಣಿ ನಿಲ್ಲಿಸಿಟ್ಟು, ಹತ್ತದೆ ಜಗಲಿಯಲ್ಲಿ ಕೂತಿದ್ದರು.

"ಎಂತ ಆತು?" ಎಂದೆ.

"ಬುಡದಲ್ಲಿ ಒಬ್ರು ನಿಲ್ಲೂಕೆ ಬೇಕು ಮೇಡಂ. ಇಲ್ದಿದ್ರೆ ನಾ ಹತ್ತೂದಿಲ್ಲ."

ನನಗೆ ಒಳಗೊಳಗೇ ನಗು ಬಂತು. ಏಣಿಯ ಓರೆ ನೋಡಿದರೆ, ಪುಸ್ತಕದ ಪ್ರಕಾರ ಅದು ಜಾರುವಂತಿರಲಿಲ್ಲ. ಹಾಗೆಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಏಳಲಿಲ್ಲ. ಬೇಕಾದರೆ ನಾನೇ ಹತ್ತಿ ತೋರಿಸುತ್ತೇನೆಂದು ಸೆರಗು ಸಿಕ್ಕಿಸಿಕೊಂಡೆ. ಅವರು "ಬ್ಯಾಡ ಮೇಡಂ" ಎನ್ನುತ್ತ ಎದ್ದು ಬರುವಷ್ಟರಲ್ಲಿ ನಾಲ್ಕು ಮೆಟ್ಟಿಲು ಏರಿದ್ದೆ. ಏಣಿ ಕಲ್ಲಿನಂತೆ ನಿಂತಿತ್ತು. ಇನ್ನೂ ಮೂರು ಏರಿದೆ. ಎಂಟನೆಯದಕ್ಕೆ ಕಾಲಿಟ್ಟದ್ದೇ, ಬುಡ ಒಂದು ಗೇಣು ಹಿಂದಕ್ಕೆ ಸರಿಯಿತು. ಏಣಿಯ ತುದಿ ಗೋಡೆಯನ್ನು ಕೆರೆಯುತ್ತ ಕೆಳಗಿಳಿಯಿತು. ನಾನು ಏಣಿಯನ್ನು ಅವುಚಿ ಹಿಡಿದೆ.

ಅವರು ಎರಡೂ ಕಾಲು ಎತ್ತಿ ಬುಡದ ಮೆಟ್ಟಿಲ ಮೇಲೆ ಭಾರ ಬಿಟ್ಟು ನಿಂತರು. ಏಣಿ ಅಲ್ಲಿಗೇ ನಿಂತಿತು.

"ಗಡಿಬಿಡಿ ಬ್ಯಾಡ. ಒಂದೊಂದೇ ಇಳೀರಿ."

ಇಳಿದು ಜಗಲಿಯಲ್ಲಿ ಕೂತೆ. ಅಂಗಳದ ಹಸಿರು ಪಾಚಿಯ ಮೇಲೆ ಏಣಿಯ ಕಾಲುಗಳು ಎಳೆದ ಎರಡು ಬಿಳಿ ಗೆರೆಗಳು ಕಾಣುತ್ತಿದ್ದವು. ನನ್ನ ಲೆಕ್ಕದಲ್ಲಿದ್ದದ್ದು ಒಣ ನೆಲ.

ಅವರು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು. ಹೊನ್ನಾವರದಲ್ಲಿ ಒಂದು ಅಂಗಡಿಗೆ ಬಣ್ಣ ಹೊಡೆಯುವಾಗ ಹೀಗೇ ಏಣಿ ಜಾರಿ ತಾವು ಬಿದ್ದು ಕಾಲು ಮುರಿದುಕೊಂಡದ್ದನ್ನು ಹೇಳಿದರು. "ಕೆಳಗಿದ್ದಾಗ ಏಣಿ ಗಟ್ಟಿಯೇ ಇರ್ತದೆ. ಮೇಲೆ ಹೋದ ಹಾಂಗೆ ಗೊತ್ತಾಗೂದು."

ನಾನು ಪಾಠ ಮಾಡುವುದೂ ಅದನ್ನೇ. ಮನುಷ್ಯ ಮೇಲೇರಿದಷ್ಟೂ ಏಣಿಯನ್ನು ತಿರುಗಿಸುವ ಬಲ ಹೆಚ್ಚುತ್ತದೆ, ಬುಡದ ಘರ್ಷಣೆ ಅಷ್ಟೂ ಹೆಚ್ಚು ತಡೆಯಬೇಕಾಗುತ್ತದೆ. ಬುಡದಲ್ಲೇ ನಿಂತವನ ಭಾರ ಏಣಿಯನ್ನು ತಿರುಗಿಸುವುದಿಲ್ಲ, ನೆಲಕ್ಕೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ ಅಷ್ಟೇ. ಇಷ್ಟೆಲ್ಲ ಗೊತ್ತಿದ್ದೂ ಅವರು ಒಬ್ಬರನ್ನು ಕೇಳಿದಾಗ ನನಗೆ ಕಂಡದ್ದು ಬರೀ ಅವರ ಹೆದರಿಕೆ. ಅದಕ್ಕೆ ನಾಚಿಕೆಯಾಯಿತು. ಅವರಿಗೆ ಹೇಳಿಯೂ ಬಿಟ್ಟೆ.

"ಅದಕ್ಕೆ ಎಂತ ಆತು," ಎಂದು ಅವರು ಪಾಚಿ ಕೆರೆಯಲು ಸಲಿಕೆ ಕೇಳಿದರು.

ನೆಲ ಕೆರೆದು, ಗೋಣಿಚೀಲ ಹಾಸಿ, ಏಣಿಯನ್ನು ಮತ್ತೆ ನಿಲ್ಲಿಸಿದೆವು. ಮಧ್ಯಾಹ್ನದವರೆಗೆ ನಾನು ಬುಡದ ಮೆಟ್ಟಿಲ ಮೇಲೆ ನಿಂತಿದ್ದೆ. ಮೇಲೆ ಅವರು ಬ್ರಷ್ಷು ಚಾಚಿದಾಗಲೆಲ್ಲ ಆ ಭಾರದ ಹೊರಳಾಟ ನನ್ನ ಅಂಗಾಲಿಗೆ ತಿಳಿಯುತ್ತಿತ್ತು.

ಮರುದಿನವೂ ಜೊತೆಗಾರ ಬರಲಿಲ್ಲ. ನಾನು ಕಾಲೇಜಿಗೆ ರಜೆ ಹಾಕಿದೆ.