ಗಂಗುಲಪ್ಪ ಆರಿಸಿದ ಮೈಕು

ಚಿಂತಾಮಣಿಯಲ್ಲಿ ಇಪ್ಪತ್ತು ವರ್ಷ ಆಟೋದಲ್ಲಿ ಕೂತು ಪ್ರಚಾರ ಕೂಗಿದವನು ಗಂಗುಲಪ್ಪ. ರೆಕಾರ್ಡಿಂಗ್ ಅಂಗಡಿಯ ವೆಂಕಟರವಣ, "ಅವನ ಗಂಟಲು ಒಡೆದೋಗಿದೆ" ಎಂದು ಸುದ್ದಿ ಹಬ್ಬಿಸಿ ಆ ಕೆಲಸ ಕಿತ್ತುಕೊಂಡಿದ್ದ. ಮನೆಯಲ್ಲೇ ರೆಕಾರ್ಡ್ ಮಾಡಿ ಅವನ ಗಿರಾಕಿಗಳನ್ನು ಎಳೆದುಕೊಳ್ಳುವ ಹಟದಿಂದ ಗಂಗುಲಪ್ಪ ಮೈಕು ಕೊಳ್ಳಲು ಕಂಪ್ಯೂಟರ್ ಅಂಗಡಿಗೆ ಬಂದ.

ತಲೆಗೆ ಸಿಕ್ಕಿಸುವ ಮೈಕಿನಲ್ಲಿ ಅವನ ದನಿ ಸೊಳ್ಳೆಯಂತೆ ಗುಂಯ್‌ಗುಟ್ಟಿತು.

"ಅದು ಕಂಪ್ಯೂಟರಿನಲ್ಲಿ ಮಾತಾಡೋ ಚಾಟಿಂಗಿಗೆ ಸಾಕಣ್ಣ. ರೆಕಾರ್ಡಿಂಗಿಗೆ ಈ ಸ್ಟ್ಯಾಂಡ್ ಮೈಕೇ ಸರಿ," ಎಂದ ಅಂಗಡಿಯ ಮಧುಕುಮಾರ್.

"ಹಂಗಾದ್ರೆ ಈ ಸ್ಟ್ಯಾಂಡ್ ಮೈಕಲ್ಲೇ ಆ ರವಣನಿಗೆ ಚಾಟಿಂಗ್ ಹಾಕಪ್ಪ, ನೋಡಣ."

ರವಣನ ಅಂಗಡಿಯ ಕಂಪ್ಯೂಟರ್ ಸ್ಪೀಕರು ಗಿರಾಕಿಗಳ ಮುಂದೆಯೇ ಇರುತ್ತಿತ್ತು. ಕಂಪ್ಯೂಟರಿನಲ್ಲಿ ಸಂಪರ್ಕ ಸಿಕ್ಕಿದ್ದೇ ತಡ, ಗಂಗುಲಪ್ಪ ಗುಡುಗಿದ: "ಯಾವನಲೇ ನನ್ನ ಗಂಟಲು ಒಡೆದೋಗಿದೆ ಅಂದೋನು?"

"ಅಬ್ಬಾ, ಯಾರಯ್ಯ ಇವನು? ನಮ್ಮ ಅಂಗಡಿ ಪ್ರಚಾರಕ್ಕೆ ಇವನೇ ಬೇಕು," ಎಂದು ಅತ್ತಲಿಂದ ಗಿರಾಕಿಯೊಬ್ಬನ ದನಿ ಕೇಳಿತು.

"ಕನ್ನಂಪಲ್ಲಿ ರಸ್ತೆಗೆ ಬನ್ನಿ ಸ್ವಾಮಿ, ಗಂಗುಲಪ್ಪನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ!"

ವೆಂಕಟರವಣ ವೈರು ಕೀಳುವಷ್ಟರಲ್ಲಿ ವಿಳಾಸವನ್ನು ಎರಡು ಸಲ ಕೂಗಿ ಆಗಿತ್ತು.