ಕೊನೆಯ ಸುತ್ತು ಮತ್ತು ಕಾಣೆಯಾದ ಗೆರೆ

ನಾನು ಕತಾರಿನಲ್ಲಿ ಸ್ಕೀಯಿಂಗ್ ತಂಡವೊಂದರಲ್ಲಿದ್ದೇನೆ ಎಂದು ಊರಿನವರಿಗೆ ಹೇಳುವುದಿಲ್ಲ. ಒಮ್ಮೆ ಮೈಸೂರಿನ ಅಕ್ಕನಿಗೆ ಫೋನಿನಲ್ಲಿ ಬಾಯಿಬಿಟ್ಟೆ. ಆಕೆ, ಮನೆಯಲ್ಲಿ ಎ.ಸಿ. ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಕೇಳಿದಳು. ಅಂದಿನಿಂದ ಯಾರು ಕೇಳಿದರೂ ವಾಕಿಂಗ್ ಎನ್ನುತ್ತೇನೆ.

ನಿಜ ಹೇಳಬೇಕೆಂದರೆ ಅದು ಸ್ಕೀಯಿಂಗೂ ಅಲ್ಲ. ಮುಂದೊಂದು ಹಿಂದೊಂದು ರಬ್ಬರ್ ಚಕ್ರವಿರುವ ಸಣ್ಣ ಪಟ್ಟಿಗಳನ್ನು ಎರಡೂ ಕಾಲಿಗೆ ಬಿಗಿದುಕೊಂಡು, ಎರಡು ಕೋಲುಗಳಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತಾ ಡಾಂಬರಿನ ಮೇಲೆ ಸಾಗುವುದು. ಇದಕ್ಕೆ ರೋಲರ್ ಸ್ಕೀ ಎನ್ನುತ್ತಾರೆ. ಬ್ರೇಕ್ ಇರುವುದಿಲ್ಲ. ಇದು ನನಗೆ ತಿಳಿದದ್ದು ಬಿಗಿದುಕೊಂಡ ಮೇಲೆ. ಹಿಮ ಬೀಳುವ ದೇಶಗಳವರು ಚಳಿಗಾಲಕ್ಕೆ ಮುಂಚೆ ಮೈ ಪಳಗಿಸಲು ಹೀಗೆ ಮಾಡುತ್ತಾರಂತೆ, ಸೀಸನ್‌ಗೆ ಮುಂಚಿನ ರೇಸುಗಳನ್ನೂ ಇಟ್ಟುಕೊಳ್ಳುತ್ತಾರಂತೆ. ನಮಗಿರುವುದು ಆ ಮುಂಚಿನದು ಮಾತ್ರ. ಸೀಸನ್ ಬರುವುದೇ ಇಲ್ಲ. ಐವತ್ತರ ಹತ್ತಿರ ಬಂದವನಿಗೆ ಇದೇನೂ ಹೊಸ ಅನುಭವವಲ್ಲ ಬಿಡಿ.

ತಂಡ ಕಟ್ಟಿದ್ದು ದುಖಾನ್‌ನ ತೈಲ ಬಾವಿಗಳ ಕಡೆ ಕೆಲಸದಲ್ಲಿರುವ ನಾರ್ವೆಯ ಹೆಂಗಸು. ಮೀಟಿಂಗಿಗೆಂದು ನಮ್ಮ ಆಫೀಸಿಗೆ ಬಂದಿದ್ದಾಗ, ನನ್ನ ಸಕ್ಕರೆ ಕಾಯಿಲೆಯ ಗೋಳು ಕೇಳಿ, ನಡಿಗೆಗಿಂತ ಇದು ಮಂಡಿಗೆ ಒಳ್ಳೆಯದು ಎಂದಳು. ಇಲ್ಲ ಅನ್ನಲು ಸಂಕೋಚವಾಗಿ ಸೇರಿದೆ. ಸಂಕೋಚಕ್ಕೆ ಸಿಕ್ಕಿಬಿದ್ದೇ ನಾನು ಜೀವನದಲ್ಲಿ ಅರ್ಧ ಕೆಲಸಗಳನ್ನು ಮಾಡಿರುವುದು.

ನನ್ನ ಜೋಡಿ ಸಿಕ್ಕಿದ್ದು ಅಲ್ ಮನ್ಸೂರಾ ಬಡಾವಣೆಯಲ್ಲಿ. ನಾನು ಇಡ್ಲಿ ತಿನ್ನುವ ಹೋಟೆಲಿನ ಪಕ್ಕ ಅವರ ಬಟ್ಟೆ ಅಂಗಡಿ. ಮಂಗಳೂರು ಕಡೆಯ ಬ್ಯಾರಿ, ನನಗಿಂತ ಹಿರಿಯರು, ಈ ಊರಿಗೆ ಮೀಸೆ ಮೂಡುವ ಕಾಲಕ್ಕೇ ಬಂದವರು. ನಾನವರನ್ನು ಸಾಹೇಬ್ರೇ ಎನ್ನುತ್ತೇನೆ. ಅವರಿಗೆ ನಾನು ಮಾರಾಯ್ರು. ನನ್ನ ಉದ್ದನೆಯ ಚೀಲ ನೋಡಿ, ಒಳಗಿರುವುದು ಕೋವಿಯಾ ಎಂದು ಮೆಲ್ಲಗೆ ಕೇಳಿದ್ದರು. ಚಕ್ರ ತೋರಿಸಿದೆ. ಮುಂದಿನ ಶುಕ್ರವಾರ ಬೆಳಗಿನ ಜಾವದ ಸುಬಹಿನ ನಮಾಜು ಮುಗಿಸಿ ನೇರ ನಾವು ಅಭ್ಯಾಸ ಮಾಡುವ ಸೈಕಲ್ ಟ್ರ್ಯಾಕಿಗೇ ಬಂದುಬಿಟ್ಟರು. ಚಕ್ರ ಕಟ್ಟಿಕೊಂಡ ಮೇಲೆ ನನ್ನ ಹಾಗೆ ಹೆದರಿ ಹೆದರಿ ಅಲ್ಲ, ನೀರಿನಲ್ಲಿ ದೋಣಿ ಹೋಗುವಂತೆ ನಿಧಾನಕ್ಕೆ, ಒಂದೇ ಹದದಲ್ಲಿ ಹೋಗುತ್ತಿದ್ದರು. ಬೀಳುತ್ತಲೇ ಇರಲಿಲ್ಲ.

ನಾವು ಆಡುತ್ತಿದ್ದದ್ದು ಜೋಡಿ ರೇಸು. ಒಬ್ಬ ಒಂದು ಸುತ್ತು ಬಂದು ಇನ್ನೊಬ್ಬನನ್ನು ಕೈಯಿಂದ ಮುಟ್ಟಬೇಕು; ಆಮೇಲೆ ಅವನು ಹೊರಡಬೇಕು. ಹೀಗೆ ಸರದಿಯ ಮೇಲೆ ತಲಾ ಮೂರು ಸುತ್ತು. ಇದರ ಜೊತೆಗೊಂದು ಕಟ್ಟಳೆ: ಮೊದಲ ಜೋಡಿ ಗುರಿಯ ಗೆರೆ ದಾಟುವಷ್ಟರಲ್ಲಿ ಯಾರು ಕೊನೆಯ ಸುತ್ತಿಗೆ ಹೊರಟಿರುವುದಿಲ್ಲವೋ ಅವರನ್ನು ರೇಸು ನೋಡಿಕೊಳ್ಳುವ ಮಾರ್ಷಲ್ ಅಲ್ಲಿಗೇ ನಿಲ್ಲಿಸುತ್ತಾನೆ. ಬಿಸಿಲು ಏರುವುದರೊಳಗೆ ಟ್ರ್ಯಾಕ್ ಖಾಲಿ ಮಾಡಬೇಕಲ್ಲ. ನಾವು ಓಡಿದ ಎಲ್ಲ ರೇಸುಗಳಲ್ಲೂ ಆ ಮಾರ್ಷಲ್ ನಮ್ಮನ್ನು ನಿಲ್ಲಿಸಿದ್ದ. ಕೊನೆಕೊನೆಗೆ ನಮ್ಮನ್ನು ಕಂಡರೆ ಅವನಿಗೇ ಬೇಜಾರಾಗುತ್ತಿತ್ತು.

ಹೋದ ವರ್ಷದ ಕೊನೆಯ ರೇಸಿನ ಹೊತ್ತಿಗೆ ಸಾಹೇಬರು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ವೀಸಾ ರದ್ದು ಮಾಡಿಸಿ, ಕಾಯಂ ಆಗಿ ಊರಿಗೆ ಹೊರಟು ನಿಂತಿದ್ದರು. ಅದನ್ನು ಹೇಳಿದ್ದು ಚಹಾ ಕುಡಿಯುವಾಗ, ಹವಾಮಾನದ ವಿಷಯದ ಹಾಗೆ.

"ಒಂದು ಸಲ ಆ ಗೆರೆ ದಾಟ್ಬೇಕು ಮಾರಾಯ್ರೆ. ಇಷ್ಟು ವರ್ಷ ಕೌಂಟರ್ ಹಿಂದೆ ನಿಂತದ್ದೇ ಆಯ್ತು."

ಅವರಿಗೆ ಅದು ಸಣ್ಣ ಆಸೆ. ಅಂದಿನಿಂದಲೇ ಚೀಲ ತುಂಬಿಸತೊಡಗಿದವನು ನಾನು. ಕೊನೆಯ ಸುತ್ತು ಅವರದಾಗಲಿ, ಗೆರೆ ದಾಟುವವರು ಅವರೇ ಆಗಲಿ ಎಂದು ನಾನು ಮೊದಲು ಹೊರಡುವುದೆಂದು ನಿಶ್ಚಯಿಸಿದೆವು. ಅಂದರೆ, ಅವರನ್ನು ಆ ಕೊನೆಯ ಸುತ್ತಿಗೆ ಕಳಿಸಿಕೊಡುವ ಹೊಣೆ ನನ್ನದು. ರೇಸಿನ ದಿನ ನನ್ನ ಚೀಲದಲ್ಲಿ ಮಂಡಿಗೂ ಮೊಣಕೈಗೂ ಕವಚ, ಓ.ಆರ್.ಎಸ್., ಬ್ಯಾಂಡೇಜು, ಇನ್ನೊಂದು ಜೊತೆ ಕೋಲು, ಮೊಸರನ್ನದ ಡಬ್ಬಿ ಎಲ್ಲ ಇದ್ದವು. ಸಾಹೇಬರು ಒಂದೊಂದನ್ನೂ ನೋಡಿ, ತಾವು ಹಜ್ಜಿಗೆ ಹೋದಾಗಲೂ ಇಷ್ಟು ಸಾಮಾನು ಕೊಂಡುಹೋಗಿರಲಿಲ್ಲ ಎಂದರು. ಅವರ ಕೈಯಲ್ಲಿ ಒಂದು ನೀರಿನ ಬಾಟಲಿ, ಅಷ್ಟೇ.

ಅಕ್ಟೋಬರಿನ ಬೆಳಗು. ಗಾಳಿ ಒದ್ದೆ ಟವೆಲಿನ ಹಾಗೆ ಮುಖಕ್ಕೆ ಅಂಟುತ್ತಿತ್ತು. ಶುರುವಾದ ಸ್ವಲ್ಪಕ್ಕೇ ನನ್ನ ಕನ್ನಡಕ ಮಂಜಾಗಿ, ಮುಂದಿನವರ ಬೆನ್ನಿನ ಬಣ್ಣ ನೋಡಿಕೊಂಡು ಸಾಗಿದೆ. ಆದರೂ ಆ ದಿನ ಏನೋ ಕೂಡಿಬಂದಿತ್ತು. ನಾನು ಬೀಳಲಿಲ್ಲ. ಸಾಹೇಬರು ತಮ್ಮ ದೋಣಿ ಬಿಟ್ಟುಕೊಂಡು ಹೋಗಿ ಬಂದರು. ನನ್ನ ಮೂರನೆಯ ಸುತ್ತಿಗೆ ಹೊರಟಾಗ ನಾರ್ವೆಯವಳು ಬದಿಯಲ್ಲಿ ನಿಂತು, ಇದೇ ವೇಗ ಸಾಕು, ಇಷ್ಟೇ ಇರಲಿ ಎಂದು ಕೈಸನ್ನೆ ಮಾಡಿದಳು. ಅವಳ ಮುಖದಲ್ಲಿ ಆಸೆ ಕಂಡು ನನಗೆ ಇನ್ನಷ್ಟು ಭಯವಾಯಿತು.

ತಿರುವಿನಲ್ಲಿ ಹಿಂದೆ ಚಕ್ರಗಳ ಗುಂಯ್ ಸದ್ದು ಕೇಳಿಸಿತು. ಮೊದಲ ಜೋಡಿಯವನು ತನ್ನ ಕೊನೆಯ ಸುತ್ತು ಮುಗಿಸಲು ಬರುತ್ತಿದ್ದಾನೆ. ನಾನು ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ಬದಲಾಯಿಸುವ ಜಾಗ ಬಂತು. ಸಾಹೇಬರು ಬೆನ್ನು ಕೊಟ್ಟು, ಕತ್ತು ತಿರುಗಿಸಿ ನಿಂತಿದ್ದರು. ಬೆನ್ನಿಗೊಂದು ಕೈ ತಾಗಿಸಿದ್ದರೆ ಮುಗಿದಿತ್ತು. ವೇಗ ಹೆಚ್ಚಾಗಿ ನನ್ನ ಚಕ್ರ ಅವರ ಬೂಟಿನ ಮೇಲೆ ಹತ್ತಿತು.

ನಮ್ಮ ಮನೆಯಲ್ಲಿ ಯಾರಿಗಾದರೂ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅಮ್ಮ ಕಲಿಸಿದ್ದು. ಪುಸ್ತಕ ತುಳಿದರೂ ಸರಿ, ಹಿರಿಯರಿಗೆ ತಾಗಿದರಂತೂ ಕೇಳುವುದೇ ಬೇಡ. ಇದಕ್ಕೆ ಯೋಚನೆ ಬೇಕಾಗುವುದಿಲ್ಲ. ಬಸ್ಸಿನಲ್ಲಿ, ಸಿನಿಮಾ ಟಾಕೀಸಿನ ಕತ್ತಲಲ್ಲಿ, ಕೈ ತಾನೇ ಹೋಗುತ್ತದೆ. ಅಂದೂ ಹೋಯಿತು. ಎರಡೂ ಕಾಲಿಗೆ ಚಕ್ರ, ಎರಡೂ ಕೈಗೆ ಕೋಲು ಬಿಗಿದಿರುವ ಮನುಷ್ಯ ನಾನು, ಬಗ್ಗಿ ಅವರ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಹೋದೆ. ಕೋಲಿನ ಹಿಡಿ ಹುಬ್ಬಿಗೆ ಬಡಿಯಿತು. ಬಿದ್ದೆ.

ಮುಟ್ಟಿದ್ದಂತೂ ಆಗಿತ್ತು. ಅವರು ಹೊರಡಬಹುದಿತ್ತು. ನಾರ್ವೆಯವಳು ಹೊರಡಿ ಹೊರಡಿ ಎಂದು ಕೂಗುತ್ತಿದ್ದಳು. ಸಾಹೇಬರು ಕೋಲು ಎರಡನ್ನೂ ಒಂದೇ ಕೈಗೆ ಹಾಕಿಕೊಂಡು ನನ್ನ ರಟ್ಟೆ ಹಿಡಿದು ಎತ್ತುತ್ತಿದ್ದರು. ಅಷ್ಟರಲ್ಲಿ ಮೊದಲ ಜೋಡಿಯ ಆ ಉದ್ದ ಕಾಲಿನ ಹುಡುಗ ನಮ್ಮ ಪಕ್ಕದಿಂದ ಹೋಗಿ ಗೆರೆ ದಾಟಿದ. ಮಾರ್ಷಲ್ ಕೈ ಎತ್ತಿದ.

"ಖಲಾಸ್," ಎಂದ, ತಗ್ಗಿದ ದನಿಯಲ್ಲಿ.

ಸಾಹೇಬರು ತಕ್ಷಣ ಪಕ್ಕಕ್ಕೆ ಸರಿದರು. ಕೈ ಎತ್ತಿದವರ ಎದುರು ವಾದ ಮಾಡದೆಯೇ ಅವರು ಇಷ್ಟು ವರ್ಷ ಇಲ್ಲಿ ಕಳೆದಿರುವುದು, ನಾನೂ ಅಷ್ಟೇ. ವಾದ ಮಾಡಿದ್ದು ನಾರ್ವೆಯವಳು. ಉಪಯೋಗವಾಗಲಿಲ್ಲ.

ರಸ್ತೆಯಂಚಿನಲ್ಲಿ ಕೂತು ಹುಬ್ಬಿಗೆ ಬ್ಯಾಂಡೇಜು ಹಚ್ಚಿಕೊಂಡೆ. ತಂದ ಸಾಮಾನಿನಲ್ಲಿ ಅದೊಂದಾದರೂ ಉಪಯೋಗಕ್ಕೆ ಬಂತು.

"ನೀವು ಕಾಲು ಮುಟ್ಟಿದ್ದು ಎಂಥಕ್ಕೆ?" ಸಾಹೇಬರು ಕೇಳಿದರು.

"ಕಾಲು ತಾಗಿತಲ್ಲ ಸಾಹೇಬ್ರೇ."

"ತಾಗಿದ್ದು ಚಕ್ರ ಅಲ್ವಾ?"

ನೀವೇಕೆ ಹೊರಡಲಿಲ್ಲ ಎಂದು ಕೇಳಿದೆ. ಅವರು ಬಾಟಲಿಯ ಕೊನೆಯ ನೀರನ್ನು ನನ್ನ ಕೈಗೆ ಕೊಟ್ಟು, "ಬಿದ್ದವರನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ," ಎಂದು ಟ್ರ್ಯಾಕಿನ ಕಡೆ ನೋಡಿದರು. ಕೊನೆಯ ಜೋಡಿ ದಾಟಿ ಆಗಿತ್ತು. ಕೆಲಸದವರು ಕಿತ್ತಳೆ ಕೋನುಗಳನ್ನು ಎತ್ತಿ ಪಿಕಪ್‌ಗೆ ಹಾಕುತ್ತಿದ್ದರು. ಸಾಹೇಬರು ನೋಡುತ್ತಲೇ ಇದ್ದರು. ಬೂಟಿನ ದಾರ ಬಿಚ್ಚಿರಲಿಲ್ಲ.

ನನಗೆ ಬಿಸಿಲಿನ ಚಿಂತೆ, ಅವರ ವಯಸ್ಸಿನ ಚಿಂತೆ, ಗೇಟು ಹಾಕಿಬಿಟ್ಟರೆ ಎಂಬ ಚಿಂತೆ. ಆದರೂ ಎದ್ದೆ.

"ಹೊರಡಿ. ನಿಮ್ಮ ಸುತ್ತು ಬಾಕಿ ಇದೆ. ನಾನೂ ಬರ್ತೀನಿ."

"ಅವ ಬೈದ್ರೆ?"

"ಬೈದ್ರೆ ನಿಲ್ಲಿಸೋಣ."

ಮಾರ್ಷಲ್ ನಮ್ಮನ್ನು ನೋಡಿದ, ಬೇಕೆಂದೇ ಬೇರೆ ಕಡೆ ತಿರುಗಿ ನೀರು ಕುಡಿದ. ನಾವು ಹೊರಟೆವು. ಅವರು ಮುಂದೆ, ನಾನು ಹಿಂದೆ, ಅವರ ಕಾಲಿಗೆ ತಾಗದಷ್ಟು ದೂರದಲ್ಲಿ. ಡಾಂಬರು ಬಿಸಿಯಾಗಿ ಕೋಲಿನ ತುದಿ ಅಂಟಿ ಅಂಟಿ ಬರುತ್ತಿತ್ತು.

ಸುತ್ತಿ ಬರುವಷ್ಟರಲ್ಲಿ ಗೆರೆಯ ಮೇಲೆ ನಿಲ್ಲಿಸಿದ್ದ, ಗಾಳಿ ತುಂಬಿದ ಕಮಾನನ್ನು ಇಳಿಸಿ ಮಡಿಚಿದ್ದರು. ಗೆರೆಯೆಂದು ನೆಲಕ್ಕೆ ಅಂಟಿಸಿದ್ದ ಬಿಳಿ ಟೇಪನ್ನೂ ಕಿತ್ತಿದ್ದರು. ಸಾಹೇಬರು ನಿಧಾನಿಸಿದರು.

"ಗೆರೆ ಇಲ್ಲಿಯಾ ಮಾರಾಯ್ರೆ?"

ಇಲ್ಲೇ ಇರಬೇಕು ಎನಿಸಿತು. ಆದರೆ ಖಾತ್ರಿಯಿರಲಿಲ್ಲ. ಒಂದು ಗಜ ಮುಂಚೆಯೇ ನಿಂತುಬಿಟ್ಟು, ಅದು ಊರಿಗೆ ಹೋದ ಮೇಲೂ ಅವರನ್ನು ಕೊರೆದರೆ?

"ಇನ್ನೂ ಸ್ವಲ್ಪ ಮುಂದೆ ಸಾಹೇಬ್ರೇ," ಎಂದೆ.

ಹೋದರು. ಮತ್ತೆ ಕೇಳಿದರು. ಇನ್ನೂ ಸ್ವಲ್ಪ ಎಂದೆ. ಹಾಗೆಯೇ ಕುಡಿಯುವ ನೀರಿನ ಟೇಬಲ್ಲು ದಾಟಿ, ಪಿಕಪ್ ದಾಟಿ, ಪಾರ್ಕಿಂಗಿನಲ್ಲಿ ನನ್ನ ಕಾರಿನ ಬಾನೆಟ್‌ಗೆ ಎರಡೂ ಕೈ ಊರುವವರೆಗೂ ಅವರು ನಿಲ್ಲಲಿಲ್ಲ.